ಹುರಿದರೂ ಹೋಗದ ನಂಜು

ಶಾಲೆಗಳಿಗೆ ರಜೆ ಸಿಕ್ಕಿತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಕಡೆಯಿಂದ ಹೊರಡುವ ಪ್ರವಾಸದ ವಾಹನಗಳಲ್ಲಿ ಹೆಚ್ಚಿನವು ಪಡುವಣ ದಿಕ್ಕಿಗೇ ಮುಖ ಮಾಡುತ್ತವೆ. ಮಲ್ಪೆಗೆ ಹೋಗಿ, ದೋಣಿ ಹತ್ತಿ ಸೈಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ನೋಡಿ, ದಡಕ್ಕೆ ಮರಳಿ ಹೊಟ್ಟೆತುಂಬ ಮೀನೂಟ ಮಾಡಿ ರಾತ್ರಿಯೊಳಗೆ ಮನೆ ಸೇರುವುದು ನಮ್ಮವರ ಒಂದು ದಿನದ ಪ್ರವಾಸ. ಕೈಯಲ್ಲಿ ಇನ್ನಷ್ಟು ಹಣವೂ ಬಿಡುವೂ ಇದ್ದವರು ಗೋವೆಗೆ, ಅಂಡಮಾನಿಗೆ ಹೋಗುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಲಕ್ಷದ್ವೀಪಕ್ಕೆ ಹೋಗಿ ಬಂದವರೂ ಸಿಗುತ್ತಿದ್ದಾರೆ. ಎಲ್ಲಿಗೇ ಹೋಗಲಿ, ಸಮುದ್ರದ ಅಂಚಿನಲ್ಲಿ ಕುಳಿತು ಅಲ್ಲಿಯದೇ ಮೀನನ್ನು ಬಿಸಿಬಿಸಿಯಾಗಿ ತಿನ್ನಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಅದು ಸಹಜವೇ.

ಹೀಗೆ ಹೋಗಿ ಬಂದವರಲ್ಲಿ ಕೆಲವರು ಮಾರನೆಯ ದಿನ ವೈದ್ಯರ ಬಾಗಿಲಿಗೆ ಬರುತ್ತಾರೆ. ಒಬ್ಬರಿಗೆ ಮೈಯೆಲ್ಲ ಕೆಂಪಾಗಿ ತುರಿಕೆ, ಇನ್ನೊಬ್ಬರಿಗೆ ವಾಂತಿ ಭೇದಿ, ಮತ್ತೊಬ್ಬರಿಗೆ ತುಟಿಯ ಸುತ್ತ ಜುಮುಜುಮು. ಎಲ್ಲರದೂ ಒಂದೇ ಪ್ರಶ್ನೆ: "ಡಾಕ್ಟ್ರೇ, ಮೀನು ತಾಜಾ ಇತ್ತು. ನಮ್ಮ ಕಣ್ಣೆದುರಿಗೇ ಕಾವಲಿಯಲ್ಲಿ ಹಾಕಿ ಚೆನ್ನಾಗಿ ಹುರಿದು ಕೊಟ್ಟದ್ದು. ಮತ್ತೆ ಹೀಗಾಗಲು ಕಾರಣವೇನು?"

ಈ ಪ್ರಶ್ನೆಯಲ್ಲಿ ಎರಡು ನಂಬಿಕೆಗಳಿವೆ. ಸಮುದ್ರದ ಬದಿಯಲ್ಲಿ ಸಿಗುವುದೆಲ್ಲ ತಾಜಾ ಎಂಬುದು ಮೊದಲನೆಯದು. ಚೆನ್ನಾಗಿ ಬೇಯಿಸಿದರೆ ಅಥವಾ ಹುರಿದರೆ ಮೀನಿನಲ್ಲಿರುವ ಕೆಟ್ಟದ್ದೆಲ್ಲ ಹೋಗುತ್ತದೆ ಎಂಬುದು ಎರಡನೆಯದು. ಮೊದಲನೆಯದು ಅರ್ಧ ಸತ್ಯ. ಎರಡನೆಯದನ್ನು ನಂಬಿ ಜೀವಕ್ಕೇ ಅಪಾಯ ತಂದುಕೊಂಡವರಿದ್ದಾರೆ. ಬೆಂಕಿಯಿಂದ ಸಾಯುವುದು ರೋಗಾಣುಗಳು. ಮೀನು ಒಲೆಗೆ ಏರುವ ಮೊದಲೇ ಅದರೊಳಗೆ ವಿಷ ಸೇರಿದ್ದರೆ ಅಂಥ ಕೆಲವು ವಿಷಗಳನ್ನು ಎಷ್ಟು ಹೊತ್ತು ಕುದಿಸಿದರೂ, ಎಷ್ಟು ಕರಿದರೂ ಅವು ಹಾಗೆಯೇ ಉಳಿಯುತ್ತವೆ.

ಇವತ್ತು ಬಂದ ಮೀನು, ಇವತ್ತು ಹಿಡಿದ ಮೀನು

ಹೋಟೆಲಿನವರು "ಇವತ್ತೇ ಬಂದದ್ದು" ಎಂದು ಹೇಳಿದರೆ ಅವರು ಸುಳ್ಳು ಹೇಳುತ್ತಿದ್ದಾರೆಂದಲ್ಲ. ಆದರೆ ಧಕ್ಕೆಗೆ ಇವತ್ತು ಬಂದ ಮೀನು ಇವತ್ತೇ ಹಿಡಿದದ್ದಾಗಿರಬೇಕಿಲ್ಲ. ಮಂಗಳೂರು, ಮಲ್ಪೆಗಳಿಂದ ಆಳಸಮುದ್ರಕ್ಕೆ ಹೋಗುವ ಟ್ರಾಲ್ ದೋಣಿಗಳು ವಾರ, ಹತ್ತು ದಿನ ಕಡಲಿನಲ್ಲೇ ಇರುತ್ತವೆ. ಮೊದಲ ದಿನ ಬಲೆಗೆ ಬಿದ್ದ ಮೀನು ದಡ ಸೇರುವಾಗ ಅದಕ್ಕೆ ಅಷ್ಟೇ ವಯಸ್ಸಾಗಿರುತ್ತದೆ. ಬೂತಾಯಿ, ಬಂಗುಡೆಗಳ ಗುಂಪನ್ನು ಸುತ್ತುವರಿದು ಹಿಡಿಯುವ ಪರ್ಸೀನ್ ದೋಣಿಗಳಾದರೆ ಸಾಮಾನ್ಯವಾಗಿ ಆ ದಿನವೇ ಹೋಗಿ ಆ ದಿನವೇ ಬರುತ್ತವೆ. ಕರಾವಳಿಯ ನಾಡದೋಣಿಯವರದೂ, ಕೈರಂಪಣಿಯವರದೂ ಹಾಗೆಯೇ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ನಮ್ಮಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವಾಗ ಹೊರರಾಜ್ಯಗಳಿಂದ ಲಾರಿಯಲ್ಲಿ ಬಂದ ಮೀನೇ ಹೆಚ್ಚು. ಸಮುದ್ರ ನೋಡುತ್ತ ಕುಳಿತು ತಿಂದರೂ ಅದು ಆ ಸಮುದ್ರದ್ದಲ್ಲ.

ಹಾಗೆಂದು ಹತ್ತು ದಿನದ ಮೀನು ಕೆಟ್ಟದ್ದೆಂದು ತಿಳಿಯಬೇಡಿ. ಹಿಡಿದ ಕ್ಷಣದಿಂದ ಐಸಿನಲ್ಲಿ ಸರಿಯಾಗಿ ಹೂತಿಟ್ಟ ಮೀನು ಹಲವು ದಿನ ಚೆನ್ನಾಗಿರುತ್ತದೆ. ನಮ್ಮಂಥ ಸೆಕೆಯ ನಾಡಿನಲ್ಲಿ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಬೇಕೆಂಬುದು ಮೀನುಗಾರಿಕಾ ತಜ್ಞರ ಲೆಕ್ಕ. ಅದೇ ಇವತ್ತು ಬೆಳಿಗ್ಗೆ ಹಿಡಿದ ಬಂಗುಡೆಯನ್ನು ಮರಳಿನ ಮೇಲೆ ಬಿಸಿಲಿಗೆ ಬಿಟ್ಟು ಮಧ್ಯಾಹ್ನ ಹುರಿದರೆ ಅದು ಹತ್ತು ದಿನದ ಐಸಿನ ಮೀನಿಗಿಂತ ಅಪಾಯಕಾರಿ. ಮೀನಿಗೆ ಎಷ್ಟು ದಿನವಾಯಿತು ಎಂದು ಕೇಳುವುದಕ್ಕಿಂತ ಎಷ್ಟು ಹೊತ್ತು ಐಸಿಲ್ಲದೆ ಇತ್ತು ಎಂದು ಕೇಳುವುದು ಮುಖ್ಯ. ನಮ್ಮ ಊರುಗಳಿಗೆ ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಹಾರ್ನ್ ಬಾರಿಸುತ್ತ ಬರುವ ಮೀನಿನವರು, ಪೆಟ್ಟಿಗೆಯಲ್ಲಿ ಐಸ್ ಉಳಿದಿದ್ದರೆ, ಕಡಲಬದಿಯ ಎಷ್ಟೋ ಹೋಟೆಲುಗಳಿಗಿಂತ ಒಳ್ಳೆಯ ಮೀನು ಕೊಡುತ್ತಾರೆ. ಇದನ್ನು ಯಾರನ್ನೋ ಮೆಚ್ಚಿಸಲು ಹೇಳುತ್ತಿಲ್ಲ.

ಏಕೆ ಐಸಿಗೆ ಇಷ್ಟು ಮಹತ್ವ? ಬಂಗುಡೆ, ಬೂತಾಯಿ, ಅಂಜಲ್, ಕೇದರ ಅಂದರೆ ಟ್ಯೂನಾ ಮೊದಲಾದ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಧಾರಾಳವಾಗಿದೆ. ಮೀನು ಸತ್ತ ಮೇಲೆ ಅದರ ಕಿವಿರು ಮತ್ತು ಕರುಳಿನಲ್ಲಿರುವ ಬ್ಯಾಕ್ಟೀರಿಯಗಳು ಸೆಕೆಯಲ್ಲಿ ಬೇಗ ಬೇಗ ವೃದ್ಧಿಯಾಗಿ ಈ ಹಿಸ್ಟಿಡಿನ್ನನ್ನು ಹಿಸ್ಟಮಿನ್ ಎಂಬ ವಸ್ತುವಾಗಿ ಮಾರ್ಪಡಿಸುತ್ತವೆ. ನಮ್ಮ ಕಡಲ ತೀರದ ಶಾಖದಲ್ಲಿ ಇದಕ್ಕೆ ಕೆಲವೇ ಗಂಟೆಗಳು ಸಾಕು. ಅಲರ್ಜಿ ಆದಾಗ ನಮ್ಮ ದೇಹದಲ್ಲಿ ತಾನಾಗಿ ಬಿಡುಗಡೆಯಾಗುವ ವಸ್ತುವೂ ಈ ಹಿಸ್ಟಮಿನ್ನೇ. ಇಲ್ಲಿ ಅದು ಹೊರಗಿನಿಂದ, ಬಟ್ಟಲಿನ ಮೂಲಕ ಬರುತ್ತದೆ. ಒಂದು ಸಲ ಹುಟ್ಟಿದ ಹಿಸ್ಟಮಿನ್ ಮತ್ತೆ ಐಸ್ ಹಾಕಿದರೆ ಹೋಗುವುದಿಲ್ಲ. ಫ್ರೀಜರಿನಲ್ಲಿಟ್ಟರೂ ಹೋಗುವುದಿಲ್ಲ, ಕರಿದರೂ ಹೋಗುವುದಿಲ್ಲ. ಮೀನಿಗೆ ದುರ್ವಾಸನೆ ಬರುವ ಮೊದಲೇ ಅದು ಅಪಾಯದ ಮಟ್ಟ ಮುಟ್ಟಿರಲು ಸಾಧ್ಯ. ಕಿಲೋ ಒಂದಕ್ಕೆ 200 ಮಿಲಿಗ್ರಾಂ ಮೀರಬಾರದೆಂಬುದು ಅಂತಾರಾಷ್ಟ್ರೀಯ ಆಹಾರ ಸಂಹಿತೆಯ ಮಿತಿ. ಆದರೆ ಊಟದ ಮೇಜಿನಲ್ಲಿ ಅಳೆಯುವವರು ಯಾರು?

ತಿಂದ ಕೆಲವೇ ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ, ಕುತ್ತಿಗೆ ಬಿಸಿಯೇರಿ ಕೆಂಪಾಗುತ್ತದೆ. ತಲೆ ಸಿಡಿಯುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ಮೈ ತುರಿಸಿ ದದ್ದು ಏಳುತ್ತದೆ. ಕೆಲವರಿಗೆ ವಾಂತಿ ಭೇದಿಯೂ ಆಗುವುದುಂಟು. ತಿನ್ನುವಾಗಲೇ ನಾಲಗೆಗೆ ಕರಿಮೆಣಸಿನ ಹಾಗೆ ಚುರುಚುರು ಎನಿಸಿತ್ತೆಂದು ಕೆಲವರು ಹೇಳುತ್ತಾರೆ. ನಮ್ಮ ಪುಳಿಮುಂಚಿಯ ಖಾರದಲ್ಲಿ ಇದು ಗೊತ್ತಾಗದೆ ಹೋಗುವುದೇ ಹೆಚ್ಚು! ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದು ದಿನದಲ್ಲಿ ತಾನಾಗಿ ಇಳಿಯುತ್ತದೆ. ಅಲರ್ಜಿಗೆ ಕೊಡುವ ಮಾತ್ರೆ ಅಥವಾ ಚುಚ್ಚುಮದ್ದಿನಿಂದ ಬೇಗ ಶಮನವಾಗುತ್ತದೆ.

ಅಲರ್ಜಿಯೋ, ಅಲ್ಲವೋ?

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಈ ರೀತಿ ಒಮ್ಮೆ ತೊಂದರೆಯಾದವರು "ನನಗೆ ಮೀನು ಆಗುವುದಿಲ್ಲ, ಅಲರ್ಜಿ" ಎಂದು ತೀರ್ಮಾನಿಸಿ ಜೀವಮಾನವಿಡೀ ಮೀನು ಬಿಡುತ್ತಾರೆ. ಕೂಲಿ ಕೆಲಸ ಮಾಡಿ ದಿನ ಕಳೆಯುವ ಮನೆಯಲ್ಲಿ ಬೂತಾಯಿಯಂಥ ಸತ್ವಭರಿತ ಆಹಾರವನ್ನು ಹೀಗೆ ಬಿಡುವುದು ಸಣ್ಣ ನಷ್ಟವಲ್ಲ. ನಿಜವಾದ ಅಲರ್ಜಿ ಇದ್ದವರಿಗೆ ಆ ಮೀನನ್ನು ತಿಂದಾಗಲೆಲ್ಲ ತೊಂದರೆಯಾಗುತ್ತದೆ, ಮೀನು ಎಷ್ಟೇ ತಾಜಾ ಇರಲಿ. ಹಿಸ್ಟಮಿನ್ ಬಾಧೆಯಲ್ಲಾದರೆ ಅದೇ ವ್ಯಕ್ತಿ ಹಿಂದಿನ ವಾರ ಮನೆಯಲ್ಲಿ ಅದೇ ಬಂಗುಡೆ ತಿಂದು ಸುಖವಾಗಿದ್ದಿರುತ್ತಾನೆ. ಜೊತೆಗೆ ಅದೇ ಮೇಜಿನಲ್ಲಿ ಅದೇ ಮೀನು ತಿಂದ ಇನ್ನೂ ಇಬ್ಬರು ಮೂವರಿಗೆ ಹಾಗೆಯೇ ಆಗಿರುತ್ತದೆ. ಆದ್ದರಿಂದ ವೈದ್ಯರಲ್ಲಿ ಹೋದಾಗ "ನನ್ನೊಡನೆ ಯಾರು ಯಾರು ತಿಂದರು, ಅವರಿಗೆ ಏನಾಯಿತು" ಎಂಬುದನ್ನು ತಪ್ಪದೆ ಹೇಳಿ. ನನ್ನ ಅನುಭವದಲ್ಲಿ ರಕ್ತ ಪರೀಕ್ಷೆಗಿಂತ ಈ ಒಂದು ಉತ್ತರ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸಿಗಡಿ, ಏಡಿಗಳ ಅಲರ್ಜಿ ಬೇರೆ ಮಾತು. ಅದು ನಿಜವಾದ ಅಲರ್ಜಿ, ಒಮ್ಮೆ ಬಂದರೆ ಹೆಚ್ಚಿನವರಲ್ಲಿ ಜೀವಮಾನವಿಡೀ ಉಳಿಯುವಂಥದು. ಅದನ್ನು ಉಂಟುಮಾಡುವ ಪ್ರೋಟೀನ್ ಬೇಯಿಸಿದರೂ ಕೆಡುವುದಿಲ್ಲ. ಅಂಥವರು ಸಿಗಡಿ ಕರಿದ ಎಣ್ಣೆಯಲ್ಲೇ ಕರಿದ ಮೀನನ್ನು ಸಹ ತಿನ್ನಬಾರದು. ಆದರೆ ಸಿಗಡಿ ಆಗದವರಿಗೆ ಕಾಣೆ, ಮಾಂಜಿಗಳೂ ಆಗಬಾರದೆಂಬ ನಿಯಮವಿಲ್ಲ. ತುಟಿ, ನಾಲಗೆ ಊದಿಕೊಂಡರೆ, ಉಸಿರಾಟಕ್ಕೆ ಕಷ್ಟವಾದರೆ, ಕಣ್ಣು ಕತ್ತಲೆ ಕಟ್ಟಿದರೆ ಅದು ಅಲರ್ಜಿಯೋ ಹಿಸ್ಟಮಿನ್ನೋ ಎಂದು ಚರ್ಚಿಸುತ್ತ ಕೂರಬೇಡಿ. ಮಾತ್ರೆ ನುಂಗಿ ಮಲಗಲೂ ಬೇಡಿ. ಅಂಥವರಿಗೆ ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು ತಕ್ಷಣ ಬೀಳಬೇಕು.

ನಮ್ಮ ಹಿರಿಯರು ಬಂಗುಡೆಯನ್ನು "ನಂಜು" ಎನ್ನುತ್ತಾರೆ. ಗಾಯವಾದವರಿಗೆ, ಶಸ್ತ್ರಚಿಕಿತ್ಸೆ ಆದವರಿಗೆ, ಬಾಣಂತಿಯರಿಗೆ ಕೊಡುವುದಿಲ್ಲ. ತಾಜಾ ಮೀನು ತಿಂದರೆ ಗಾಯ ಕೀವುಗಟ್ಟುತ್ತದೆ ಎಂಬುದಕ್ಕೆ ಆಧಾರವಿಲ್ಲ. ಗಾಯ ಮಾಯಲು ಪ್ರೋಟೀನ್ ಬೇಕು, ಮೀನು ಅದನ್ನು ಕೊಡುತ್ತದೆ. ಆದರೂ ಐಸ್ ಎಂಬುದೇ ಇಲ್ಲದ ಕಾಲದಲ್ಲಿ ಕಡಲಿನಿಂದ ತಲೆಹೊರೆಯಲ್ಲಿ ಬೆಳ್ತಂಗಡಿಯ ಕಡೆಗೆ ಬಂದ ಬಂಗುಡೆಯನ್ನು ತಿಂದು ಮೈ ತುರಿಸಿಕೊಂಡವರು ಆ ಹೆಸರನ್ನು ಇಟ್ಟಿದ್ದರೆ ಅದರಲ್ಲಿ ಸ್ವಲ್ಪವಾದರೂ ಹುರುಳಿತ್ತೆಂದು ನನಗನಿಸುತ್ತದೆ. ಈಗ ಐಸ್ ಇದೆ, ಆ ಭಯವನ್ನು ಬಾಣಂತಿಯ ಬಟ್ಟಲಿಗೆ ತರುವ ಅಗತ್ಯವಿಲ್ಲ.

ಇದೇ ಪ್ರಸಂಗದಲ್ಲಿ ಇನ್ನೊಂದು ಎಚ್ಚರಿಕೆ. ಹಿಸ್ಟಮಿನ್ನನ್ನು ಒಡೆದು ನಿರುಪದ್ರವಿ ಮಾಡುವ ಕಿಣ್ವಗಳು ನಮ್ಮ ದೇಹದಲ್ಲಿವೆ. ಕ್ಷಯರೋಗಕ್ಕೆ ಕೊಡುವ ಐಸೋನಿಯಾಜಿಡ್ ಎಂಬ ಔಷಧಿ ಈ ಕಿಣ್ವಗಳನ್ನು ತಡೆಯುತ್ತದೆ. ಆದ್ದರಿಂದ ಕ್ಷಯದ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಇತರರಿಗೆ ಏನೂ ಮಾಡದ ಮೀನಿನಿಂದಲೂ, ಅದರಲ್ಲೂ ಟ್ಯೂನಾದಿಂದ, ತೀವ್ರವಾದ ಬಾಧೆಯಾದದ್ದುಂಟು. ಇಂಥವರು ಪ್ರವಾಸದಲ್ಲಿ ಕೇದರ, ಬಂಗುಡೆಗಳನ್ನು ಬಿಟ್ಟು ಕಾಣೆ, ನಂಗ್, ಮಾಂಜಿಯಂಥ ಬಿಳಿ ಮಾಂಸದ ಮೀನು ತಿನ್ನುವುದು ಮೇಲು. ಮೀನಿನ ಆಸೆಗಾಗಿ ಎರಡು ದಿನ ಮಾತ್ರೆ ಬಿಡುವವರಿದ್ದಾರೆ. ಹಾಗೆ ಎಂದಿಗೂ ಮಾಡಬಾರದು.

ಹವಳದ ದ್ವೀಪದ ದೊಡ್ಡ ಮೀನು

ಎರಡನೆಯ ವಿಷಕ್ಕೂ ಐಸಿಗೂ ಸಂಬಂಧವೇ ಇಲ್ಲ. ಈಗ ತಾನೇ ಗಾಳದಿಂದ ಬಿಡಿಸಿದ, ಬಾಲ ಬಡಿಯುತ್ತಿರುವ ಮೀನಿನಲ್ಲೂ ಅದು ಇರಬಹುದು. ಹವಳದ ದಿಬ್ಬಗಳ ಮೇಲಿನ ಪಾಚಿಗೆ ಅಂಟಿಕೊಂಡು ಬೆಳೆಯುವ ಒಂದು ಸೂಕ್ಷ್ಮ ಜೀವಿ ಈ ವಿಷದ ಮೂಲ. ಪಾಚಿಯನ್ನು ಸಣ್ಣ ಮೀನು ತಿನ್ನುತ್ತದೆ, ಸಣ್ಣ ಮೀನನ್ನು ದೊಡ್ಡದು ತಿನ್ನುತ್ತದೆ. ಹೀಗೆ ವಿಷ ಮೇಲೇರುತ್ತ ಹೋಗಿ ವರ್ಷಗಟ್ಟಲೆ ಬದುಕಿದ ದೊಡ್ಡ ಬೇಟೆಗಾರ ಮೀನಿನಲ್ಲಿ ಸಂಗ್ರಹವಾಗುತ್ತದೆ. ಮೀನಿಗೆ ಅದರಿಂದ ತೊಂದರೆ ಕಾಣುವುದಿಲ್ಲ. ಬಣ್ಣ, ವಾಸನೆ, ರುಚಿ ಯಾವುದೂ ಬದಲಾಗುವುದಿಲ್ಲ. ಈ ಬಾಧೆಗೆ ಸಿಗುವಾಟೆರಾ ಎಂದು ಹೆಸರು. 1774ರಲ್ಲಿ ಪೆಸಿಫಿಕ್ ಸಾಗರದ ದ್ವೀಪಗಳ ಬಳಿ ಕ್ಯಾಪ್ಟನ್ ಜೇಮ್ಸ್ ಕುಕ್‌ನ ಹಡಗಿನವರು ಮೀನು ತಿಂದು ಕಾಯಿಲೆ ಬಿದ್ದದ್ದು ಇದರಿಂದಲೇ ಎಂದು ಈಗ ಭಾವಿಸಲಾಗಿದೆ.

ಇದು ಎಲ್ಲೋ ದೂರದ ದ್ವೀಪಗಳ ಕತೆ ಎಂದು ನಮ್ಮ ವೈದ್ಯರೂ ಬಹುಕಾಲ ತಿಳಿದಿದ್ದರು. ಆದರೆ ಮಂಗಳೂರಿನಲ್ಲೇ ರೆಡ್ ಸ್ನ್ಯಾಪರ್ ಎಂಬ ಕೆಂಪು ಮೀನನ್ನು ತಿಂದು ಹಲವರು ಆಸ್ಪತ್ರೆ ಸೇರಿದರು. ಅದು ಸಿಗುವಾಟೆರಾ ಆಗಿರಬೇಕೆಂದು ಲಕ್ಷಣಗಳನ್ನೂ ಮೀನನ್ನೂ ಪರಿಶೀಲಿಸಿದವರ ವರದಿ 2016ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಂತು. ಮೀನು ಈಗ ಹಿಡಿದಲ್ಲೇ ಉಳಿಯುವುದಿಲ್ಲ. ಲಾರಿ, ಹಡಗುಗಳಲ್ಲಿ ನೂರಾರು ಮೈಲಿ ಪ್ರಯಾಣ ಮಾಡುತ್ತದೆ. ಆದುದರಿಂದ ದ್ವೀಪಕ್ಕೆ ಹೋಗದವರಿಗೂ ದ್ವೀಪದ ಕಾಯಿಲೆ ಬರಬಹುದು.

ಇದರ ಲಕ್ಷಣಗಳಲ್ಲಿ ಒಂದು ಬಹಳ ವಿಚಿತ್ರ. ಮೊದಲು ಕೆಲವು ಗಂಟೆಗಳಲ್ಲಿ ವಾಂತಿ, ಭೇದಿ, ಹೊಟ್ಟೆನೋವು ಬಂದು ಒಂದೆರಡು ದಿನದಲ್ಲಿ ನಿಲ್ಲುತ್ತದೆ. ಆಮೇಲೆ ತುಟಿ, ಕೈಬೆರಳು, ಪಾದಗಳಲ್ಲಿ ಜುಮುಜುಮು, ವಿಪರೀತ ಆಯಾಸ, ಕೀಲುನೋವು, ಕೆಲವರಿಗೆ ನಾಡಿ ನಿಧಾನವಾಗುವುದು ಕಾಣಿಸಿಕೊಳ್ಳುತ್ತದೆ. ತಣ್ಣೀರಿಗೆ ಕೈ ಹಾಕಿದರೆ ಸುಟ್ಟಂತೆ ಉರಿಯುತ್ತದೆ. ಐಸ್‌ಕ್ರೀಂ ತಿಂದರೆ ಬಾಯಿ ಸುಡುತ್ತದೆ. ರೋಗಿ ಇದನ್ನು ಹೇಳಿದಾಗ ಮನೆಯವರು "ಇದೆಂಥ ನಾಟಕ" ಎನ್ನುವುದುಂಟು, ದಯವಿಟ್ಟು ಹಾಗೆನ್ನಬೇಡಿ. ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಇದು ಉಳಿಯಬಹುದು. ಪ್ರತಿವಿಷ ಇಲ್ಲ, ಲಕ್ಷಣಗಳಿಗೆ ತಕ್ಕ ಉಪಚಾರ ಮಾತ್ರ. ಗುಣವಾಗುವವರೆಗೆ ಮತ್ತು ಆಮೇಲೂ ಕೆಲವು ತಿಂಗಳು ಮದ್ಯ ಮತ್ತು ಮೀನು ಎರಡನ್ನೂ ದೂರವಿಡಬೇಕು, ಇಲ್ಲವಾದರೆ ಲಕ್ಷಣಗಳು ಮರುಕಳಿಸುತ್ತವೆ.

ತಪ್ಪಿಸಿಕೊಳ್ಳುವ ಬಗೆ ಸರಳವಾಗಿದೆ. ಹವಳದ ದ್ವೀಪಗಳಲ್ಲಿ ರೆಡ್ ಸ್ನ್ಯಾಪರ್, ಮುರು ಮೀನು ಎನ್ನುವ ಗ್ರೂಪರ್, ಬಾರಾಕುಡಾ, ಹಾವಿನಂಥ ಮೊರೆ ಈಲ್ ಇವುಗಳ ದೊಡ್ಡ ಮೀನನ್ನು ಆಯ್ದುಕೊಳ್ಳಬೇಡಿ. ಎರಡು ಮೂರು ಕಿಲೋಗಿಂತ ಹೆಚ್ಚು ತೂಗುವ ಹವಳದ ದಿಬ್ಬದ ಮೀನು ಬೇಡವೆಂದೇ ಹೇಳುತ್ತೇನೆ. ಹತ್ತು ಜನರಿಗೆ ಸಾಲುವ ಒಂದೇ ಮೀನನ್ನು ಕೆಂಡದ ಮೇಲೆ ಸುಟ್ಟು ತಟ್ಟೆಯಲ್ಲಿ ಮೆರವಣಿಗೆ ಮಾಡಿ ತರುವುದು ನೋಡಲು ಚೆಂದ, ಆದರೆ ಅದರಲ್ಲಿ ವಿಷವಿದ್ದರೆ ಹತ್ತು ಜನರೂ ಮಲಗುತ್ತಾರೆ. ಇನ್ನೊಂದು ವಿಷಯ ನಮ್ಮವರಿಗೆ ಕಷ್ಟವೆನಿಸಬಹುದು. ಈ ವಿಷ ಮಾಂಸಕ್ಕಿಂತ ತಲೆ, ಪಿತ್ತಕೋಶ, ಕರುಳು, ಮೊಟ್ಟೆಗಳಲ್ಲಿ ಹೆಚ್ಚು. ಮೀನಿನ ತಲೆಯ ಸಾರು ನಮಗೆಷ್ಟು ಪ್ರಿಯವೆಂದು ನನಗೂ ಗೊತ್ತಿದೆ. ಮನೆಯಲ್ಲಿ ಅಂಜಲಿನ ತಲೆಯ ಸಾರು ಧಾರಾಳವಾಗಿ ಮಾಡಿ. ಹವಳದ ದಿಬ್ಬದ ದೊಡ್ಡ ಮೀನಿನ ತಲೆ ಮಾತ್ರ ಬೇಡ. ಲಕ್ಷದ್ವೀಪದಲ್ಲಿ ಅಲ್ಲಿಯವರೇ ದಿನವೂ ತಿನ್ನುವುದು ಗಾಳದಿಂದ ಹಿಡಿದ ಟ್ಯೂನಾವನ್ನು. ತೆರೆದ ಕಡಲಿನಲ್ಲಿ ಸಂಚರಿಸುವ ಆ ಮೀನಿನಲ್ಲಿ ಸಿಗುವಾಟೆರಾದ ಭಯ ಅಷ್ಟಾಗಿಲ್ಲ. ಅದರಲ್ಲಿ ನೋಡಬೇಕಾದದ್ದು ಮೊದಲು ಹೇಳಿದ ಹಿಸ್ಟಮಿನ್, ಅಂದರೆ ದೋಣಿಯಿಂದ ಒಲೆಯವರೆಗೆ ಬಿಸಿಲಿನಲ್ಲಿ ಎಷ್ಟು ಹೊತ್ತಿತ್ತು ಎಂಬುದು.

ಮರುವಾಯಿ, ಪಚ್ಚಿಲೆ

ಚಿಪ್ಪಿನ ಜೀವಿಗಳದು ಇನ್ನೊಂದು ಅಧ್ಯಾಯ. ಮರುವಾಯಿಯಾಗಲಿ ಪಚ್ಚಿಲೆಯಾಗಲಿ ಬೇಟೆಯಾಡಿ ತಿನ್ನುವುದಿಲ್ಲ. ಇದ್ದಲ್ಲೇ ಇದ್ದು, ದಿನವಿಡೀ ಲೀಟರುಗಟ್ಟಲೆ ನೀರನ್ನು ಒಳಗೆಳೆದು ಸೋಸಿ ಸಿಕ್ಕಿದ್ದನ್ನು ತಿನ್ನುತ್ತವೆ. ನೀರಿನಲ್ಲಿ ಏನಿದೆಯೋ ಅದು ಅವುಗಳ ಹೊಟ್ಟೆಯಲ್ಲಿ ಶೇಖರವಾಗುತ್ತದೆ. ನೇತ್ರಾವತಿ ಬಂಟ್ವಾಳದ ಅಂಚಿನಿಂದಲೇ ಹರಿದು ಉಳ್ಳಾಲದ ಬಳಿ ಕಡಲು ಸೇರುತ್ತದೆ. ನಾವು ಹೊಳೆಗೆ ಬಿಟ್ಟ ಕೊಳಚೆಯನ್ನು ಅಳಿವೆಯ ಮರುವಾಯಿ ಸೋಸುತ್ತದೆ, ಭಾನುವಾರ ನಾವು ಅದನ್ನು ತೆಂಗಿನಕಾಯಿ ಹಾಕಿ ಸುಕ್ಕ ಮಾಡಿ ತಿನ್ನುತ್ತೇವೆ.

ಕೊಳಚೆಯಿಂದ ಬರುವ ರೋಗಗಳಲ್ಲಿ ಹೆಪಟೈಟಿಸ್ ಎ ಎಂಬ ಕಾಮಾಲೆ ಮುಖ್ಯವಾದದ್ದು. 1988ರಲ್ಲಿ ಚೀನದ ಶಾಂಘೈ ನಗರದಲ್ಲಿ ಸರಿಯಾಗಿ ಬೇಯಿಸದ ಚಿಪ್ಪು ತಿಂದು ಸುಮಾರು ಮೂರು ಲಕ್ಷ ಜನರಿಗೆ ಈ ಕಾಮಾಲೆ ಬಂತು. ಅಲ್ಲಿಯವರು ಚಿಪ್ಪು ಬಾಯಿ ಬಿಟ್ಟರೆ ಸಾಕೆಂದು ಬಿಸಿನೀರಿನಲ್ಲಿ ಅದ್ದಿ ತೆಗೆಯುತ್ತಿದ್ದರು. ಈ ವೈರಾಣು ಸಾಯಬೇಕಾದರೆ ಮಾಂಸದ ಒಳಭಾಗ 90 ಡಿಗ್ರಿ ಶಾಖದಲ್ಲಿ ಒಂದೂವರೆ ನಿಮಿಷವಾದರೂ ಇರಬೇಕು. ಆದ್ದರಿಂದ ಚಿಪ್ಪು ತೆರೆದ ಮೇಲೂ ನಾಲ್ಕೈದು ನಿಮಿಷ ಚೆನ್ನಾಗಿ ಕುದಿಯಲಿ. ನಮ್ಮ ಸುಕ್ಕದಲ್ಲಿ ಇದು ತಾನಾಗಿ ಆಗುತ್ತದೆ. ಅಪಾಯ ಇರುವುದು ನಿಂಬೆಹುಳಿ ಹಿಂಡಿ ಹಸಿಯಾಗಿ ಕೊಡುವ ಅಥವಾ ಅರೆಬರೆ ಬೇಯಿಸಿ ಕೊಡುವ ಪ್ರವಾಸಿ ಹೋಟೆಲುಗಳಲ್ಲಿ. ನಿಂಬೆಹುಳಿಯಿಂದ ರೋಗಾಣು ಸಾಯುವುದಿಲ್ಲ. ಕುಡಿತದಿಂದ ಪಿತ್ತಕೋಶ ಹಾಳಾದವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು ಹಸಿ ಚಿಪ್ಪನ್ನು ಮುಟ್ಟಲೇಬಾರದು. ಬೆಚ್ಚಗಿನ ಕಡಲ ನೀರಿನ ಒಂದು ಬ್ಯಾಕ್ಟೀರಿಯ ಅಂಥವರ ರಕ್ತಕ್ಕೆ ನುಗ್ಗಿದರೆ ಎರಡು ಮೂರು ದಿನಗಳಲ್ಲಿ ಜೀವ ಹೋಗಬಹುದು.

ಇವು ಬೇಯಿಸಿದರೆ ಹೋಗುವ ಅಪಾಯಗಳು. ಹೋಗದಿರುವುದು ಇನ್ನೊಂದಿದೆ. ಕೆಲವೊಮ್ಮೆ ಕಡಲಿನಲ್ಲಿ ಒಂದು ಬಗೆಯ ಸೂಕ್ಷ್ಮ ಪಾಚಿ ವಿಪರೀತ ಬೆಳೆಯುತ್ತದೆ. ನೀರು ಕೆಂಪಗೆ ಕಾಣಬಹುದು, ಕಾಣದೆಯೂ ಇರಬಹುದು. ಅದನ್ನು ಸೋಸಿ ತಿಂದ ಚಿಪ್ಪಿನಲ್ಲಿ ನರಗಳನ್ನು ಸ್ತಬ್ಧಗೊಳಿಸುವ ವಿಷ ತುಂಬಿಕೊಳ್ಳುತ್ತದೆ. 1983ರಲ್ಲಿ ಮಂಗಳೂರಿನ ತೆಂಕಣಕ್ಕೆ, ಕುಂಬಳೆಯಲ್ಲಿ ಅಳಿವೆಯ ಮರುವಾಯಿ ತಿಂದು ಹಲವರು ಆಸ್ಪತ್ರೆ ಸೇರಿದರು, ಒಬ್ಬ ಹುಡುಗ ತೀರಿಕೊಂಡ. 1997ರ ಸೆಪ್ಟೆಂಬರಿನಲ್ಲಿ ಕೇರಳದ ವಿಳಿಞ್ಞಂನಲ್ಲಿ ಪಚ್ಚಿಲೆ ಜಾತಿಯ ಚಿಪ್ಪು ತಿಂದು ಏಳು ಮಂದಿ ಸತ್ತರು, ಐನೂರಕ್ಕೂ ಹೆಚ್ಚು ಜನರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅವರು ಯಾರೂ ಹಸಿ ತಿನ್ನುವ ಮೋಜಿನವರಲ್ಲ. ನಮ್ಮ ಹಾಗೆ ಮನೆಯಲ್ಲಿ ಬೇಯಿಸಿ ತಿನ್ನುವ ಕಡಲತೀರದ ಜನ.

ತಿಂದ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ತುಟಿ, ನಾಲಗೆ, ಬೆರಳ ತುದಿ ಮರಗಟ್ಟುತ್ತದೆ. ಆಮೇಲೆ ಮಾತು ತೊದಲುತ್ತದೆ, ಕೈಕಾಲು ಸೋಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೂ ನಿಲ್ಲುತ್ತವೆ. ರೋಗಿಗೆ ಎಚ್ಚರ ತಪ್ಪಿರುವುದಿಲ್ಲ. ಇದಕ್ಕೆ ಮದ್ದಿಲ್ಲ, ಆದರೆ ವಿಷ ತಾನಾಗಿ ದೇಹದಿಂದ ಹೊರಟುಹೋಗುತ್ತದೆ. ಅಲ್ಲಿಯವರೆಗೆ ಯಂತ್ರದಿಂದ ಉಸಿರಾಡಿಸಿದರೆ ರೋಗಿ ಪೂರ್ತಿ ಗುಣವಾಗುತ್ತಾನೆ. ಅಂದರೆ ಬದುಕುವುದು ಸಾಯುವುದು ವೆಂಟಿಲೇಟರ್ ಇರುವ ಆಸ್ಪತ್ರೆಗೆ ಎಷ್ಟು ಬೇಗ ತಲಪಿದಿರಿ ಎಂಬುದರ ಮೇಲೆ ನಿಂತಿದೆ. ಚಿಪ್ಪು ತಿಂದ ಮೇಲೆ ತುಟಿ ಜುಮುಗುಟ್ಟಿದರೆ "ನೋಡೋಣ, ಬೆಳಗಾಗಲಿ" ಎನ್ನಬೇಡಿ. 108ಕ್ಕೆ ಕರೆ ಮಾಡಿ ಅಥವಾ ಸಿಕ್ಕಿದ ವಾಹನದಲ್ಲಿ ದೊಡ್ಡ ಆಸ್ಪತ್ರೆಗೆ ಹೊರಡಿ. ದ್ವೀಪದಲ್ಲಿದ್ದಾಗ ಆಸ್ಪತ್ರೆಗೂ ನಿಮಗೂ ನಡುವೆ ಒಂದು ದೋಣಿ ಇದೆ ಎಂಬುದನ್ನು ಮರೆಯದಿರಿ. ಹತ್ತಿರದಲ್ಲಿ ಅಂಥ ಆಸ್ಪತ್ರೆ ಇಲ್ಲದ ದ್ವೀಪದಲ್ಲಿ ಚಿಪ್ಪಿನ ಖಾದ್ಯ ಬೇಡವೆಂದೇ ನನ್ನ ಸಲಹೆ, ಅದು ಎಷ್ಟೇ ಪ್ರಸಿದ್ಧವಾಗಿರಲಿ.

ಹೋಟೆಲಿನಲ್ಲಿ ಕುಳಿತಾಗ

ಕರಾವಳಿಯ ಹೋಟೆಲುಗಳಲ್ಲಿ ಕೆಂಪು ಮಸಾಲೆ ಹಚ್ಚಿದ ಮೀನುಗಳನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸಿಟ್ಟು ಆರಿಸಿಕೊಳ್ಳಲು ಹೇಳುವ ಪದ್ಧತಿ ಇದೆ. ಮಸಾಲೆ ಹಚ್ಚಿದ ಮೇಲೆ ಬಂಗುಡೆಯ ವಯಸ್ಸು ಯಾರಿಗೆ ತಿಳಿಯುತ್ತದೆ? ಮಸಾಲೆ ಹಾಕದ ಮೀನು ತೋರಿಸಿ ಎಂದು ಕೇಳಿ, ಅದರಲ್ಲಿ ಸಂಕೋಚ ಬೇಡ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಗುಳಿಬಿದ್ದು ಮಬ್ಬಾಗಿರಬಾರದು. ಕಿವಿರು ಎತ್ತಿದರೆ ಕೆಂಪಾಗಿರಬೇಕು. ಬೆರಳಿನಿಂದ ಒತ್ತಿದ ಗುಳಿ ಕೂಡಲೇ ತುಂಬಿಕೊಳ್ಳಬೇಕು. ಮೀನು ಐಸಿನ ಮೇಲಿದೆಯೋ ಐಸಿನ ಒಳಗಿದೆಯೋ ನೋಡಿ. ಅಲಂಕಾರಕ್ಕೆಂದು ಕೆಳಗೆ ನಾಲ್ಕು ತುಂಡು ಐಸ್ ಹರಡಿದರೆ ಮೇಲಿನ ಮೀನು ತಣ್ಣಗಾಗುವುದಿಲ್ಲ. 2018ರಲ್ಲಿ ಕೇರಳದಲ್ಲಿ ಫಾರ್ಮಲಿನ್ ಬೆರೆಸಿದ ಮೀನು ಸಿಕ್ಕಿಬಿದ್ದ ಮೇಲೆ ಎಲ್ಲರಿಗೂ ಫಾರ್ಮಲಿನ್ ಭಯ. ಆ ಭಯ ಅಕಾರಣವಲ್ಲ, ಆದರೆ ಐಸಿನ ಕೊರತೆ ಅದಕ್ಕಿಂತ ಎಷ್ಟೋ ಹೆಚ್ಚು ಜನರನ್ನು ಕಾಡುತ್ತದೆ. ನೊಣ ಕೂತ ಚಟ್ನಿ, ಕತ್ತರಿಸಿಟ್ಟ ಈರುಳ್ಳಿ, ಬಾವಿಯಿಂದ ನೇರ ತಂದ ನೀರು ಇವುಗಳಿಂದಾದ ಭೇದಿಯನ್ನೂ ನಾವು ಮೀನಿನ ತಲೆಗೆ ಕಟ್ಟುತ್ತೇವೆ!

ಮರಳುವ ದಾರಿಯಲ್ಲಿ ಮಲ್ಪೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಐದು ಕಿಲೋ ಬಂಗುಡೆ ಕೊಂಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಾರಿನ ಡಿಕ್ಕಿಯಲ್ಲಿ ಹಾಕುವವರಿದ್ದಾರೆ. ದಾರಿಯಲ್ಲಿ ಒಂದು ದೇವಸ್ಥಾನ, ಒಂದು ನೆಂಟರ ಮನೆ, ಮೂಡಬಿದಿರೆಯಲ್ಲಿ ಒಂದು ಚಹಾ. ಬೆಳ್ತಂಗಡಿ ಮುಟ್ಟುವಾಗ ನಾಲ್ಕೈದು ಗಂಟೆಯಾಗಿರುತ್ತದೆ. ಬಿಸಿಲಿಗೆ ನಿಂತ ಕಾರಿನ ಡಿಕ್ಕಿಯ ಸೆಕೆ ಹೇಳಬೇಕಾಗಿಲ್ಲ. ಹೋಟೆಲಿನಲ್ಲಿ ಏನೂ ಆಗದವರಿಗೆ ಮನೆಯಲ್ಲಿ ಈ ಮೀನಿನಿಂದ ಮುಖ ಕೆಂಪೇರುತ್ತದೆ. ಕೊಳ್ಳುವುದಾದರೆ ಅಲ್ಲಿಯೇ ಹೊಟ್ಟೆ, ಕಿವಿರು ತೆಗೆಸಿ. ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಮೀನಿನಷ್ಟೇ ತೂಕದ ಪುಡಿ ಐಸ್ ಹಾಕಿಸಿ ನೇರ ಮನೆಗೆ ಬನ್ನಿ.

ವಾಂತಿ ಭೇದಿಯಾದರೆ ಓಆರ್‌ಎಸ್ ಅಥವಾ ಉಪ್ಪು ಹಾಕಿದ ಗಂಜಿತಿಳಿಯನ್ನು ಗುಟುಕು ಗುಟುಕಾಗಿ ಕುಡಿಸುತ್ತಿರಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವಾಗಿಯೇ ಕೊಡಬೇಡಿ. ರಕ್ತ ಬಿದ್ದರೆ, ಜ್ವರ ಬಂದರೆ, ಮೂತ್ರ ಕಡಿಮೆಯಾದರೆ, ರೋಗಿ ಮಗು, ಗರ್ಭಿಣಿ ಅಥವಾ ವೃದ್ಧರಾಗಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ. ಯಾವ ಮೀನು, ಎಷ್ಟು ಗಂಟೆಗೆ ತಿಂದದ್ದು, ತೊಂದರೆ ಎಷ್ಟು ಗಂಟೆಗೆ ಸುರುವಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಉಳಿದ ತುಂಡು ಇದ್ದರೆ ಎಸೆಯದೆ ಫ್ರೀಜರಿನಲ್ಲಿಡಿ.

ಇನ್ನು ಚಿಪ್ಪು ತಿಂದವರು ಪ್ರವಾಸ ಮುಗಿದ ಮೇಲೂ ಒಂದು ಲೆಕ್ಕ ಇಟ್ಟುಕೊಂಡಿರಬೇಕು. ಹೆಪಟೈಟಿಸ್ ಎ ಕಾಣಿಸಿಕೊಳ್ಳುವುದು ತಿಂದು ಎರಡರಿಂದ ಏಳು ವಾರಗಳ ಒಳಗೆ, ಹೆಚ್ಚಾಗಿ ನಾಲ್ಕು ವಾರಕ್ಕೆ. ಅಷ್ಟು ಹೊತ್ತಿಗೆ ದ್ವೀಪದ ಊಟ ಮರೆತೇಹೋಗಿರುತ್ತದೆ. ಊಟ ಸೇರದೆ, ಓಕರಿಕೆ ಬಂದು, ಮೂತ್ರ ಕಡು ಹಳದಿಯಾದರೆ ಕಾಮಾಲೆಗೆ ಎಲೆಮದ್ದು ಕೊಡುವವರ ಮನೆ ಹುಡುಕಿಕೊಂಡು ಹೋಗುವ ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ, ತಿಂಗಳ ಹಿಂದೆ ತಿಂದ ಮರುವಾಯಿಯ ವಿಷಯವನ್ನು ವೈದ್ಯರಿಗೆ ಹೇಳಿ. ಮಕ್ಕಳಿಗಿಂತ ದೊಡ್ಡವರಲ್ಲಿ ಈ ಕಾಮಾಲೆ ಉಲ್ಬಣಿಸುವ ಸಂಭವ ಹೆಚ್ಚು. ಇದಕ್ಕೆ ಲಸಿಕೆ ಇದೆ, ವರ್ಷ ವರ್ಷ ಹೀಗೆ ತಿರುಗಾಡುವವರು ಹೊರಡುವುದಕ್ಕೆ ಎರಡು ವಾರ ಮೊದಲು ಹಾಕಿಸಿಕೊಳ್ಳಬಹುದು.